ಡಾಬ್ಸೋನಿಯನ್‌ಗೆ ಬೈನೋವ್ಯೂವರ್: ಫೋಕಸ್ ಯಾಕೆ ಸಿಗುವುದಿಲ್ಲ, ಗುರು ಯಾಕೆ ಎರಡಾಗುತ್ತಾನೆ?

ಪ್ರಶ್ನೆ: ನನ್ನ ಬಳಿ 8 ಇಂಚಿನ, 1200 ಮಿ.ಮೀ. ಸಂಗಮದೂರದ ಡಾಬ್ಸೋನಿಯನ್ ದೂರದರ್ಶಕ (ಸರಳ ಪೀಠದ ಮೇಲೆ ತಿರುಗುವ ನ್ಯೂಟನ್ ಮಾದರಿಯ ಕನ್ನಡಿ ದೂರದರ್ಶಕ) ಇದೆ. ಎರಡೂ ಕಣ್ಣಿನಿಂದ ನೋಡುವ ಆಸೆಯಿಂದ ಒಂದು ಬೈನೋವ್ಯೂವರ್ (ಬೆಳಕನ್ನು ಎರಡು ಐಪೀಸ್‌ಗಳಿಗೆ ಹಂಚುವ ಜೋಡಿತಲೆ), ಜೊತೆಗೆ ಪ್ಲಾಸಲ್ ಎಂಬ ಸಾಮಾನ್ಯ ಬಗೆಯ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಜೋಡಿ ತಂದೆ. ಐಪೀಸನ್ನು ಒಳಹೊರಗೆ ಸರಿಸುವ ಫೋಕಸರನ್ನು ಪೂರ್ತಿ ಒಳಕ್ಕೆ ತಿರುಗಿಸಿದರೂ ಚಂದ್ರ ಮಸುಕಾಗಿಯೇ ಉಳಿಯುತ್ತಾನೆ. ವರ್ಧನೆ ಹೆಚ್ಚಿಸುವ 2 ಪಟ್ಟಿನ ಬಾರ್ಲೋದ ಮಸೂರದ ಭಾಗವನ್ನು ಬಿಚ್ಚಿ ಬೈನೋವ್ಯೂವರ್ ಮೂತಿಗೆ ತಿರುಗಿಸಿದಾಗ ಫೋಕಸ್ ಸಿಕ್ಕಿತು. ಆದರೆ ವರ್ಧನೆ ಲೆಕ್ಕಕ್ಕಿಂತ ಹೆಚ್ಚಾಗಿದೆ, ಚಂದ್ರ ಪೂರ್ತಿ ಹಿಡಿಯುವುದಿಲ್ಲ, ಗುರುಗ್ರಹ ಒಂದರ ಮೇಲೊಂದು ಎರಡಾಗಿ ಕಾಣುತ್ತದೆ, ಬೆಳಕೂ ಕಡಿಮೆ. ಉಪಕರಣ ಕೆಟ್ಟಿದೆಯೇ? ಕೊಳವೆಯಲ್ಲಿ ಕನ್ನಡಿಯನ್ನು ಮುಂದಕ್ಕೆ ಸರಿಸಬೇಕೇ? ಇನ್ನು ಯಾವ ಐಪೀಸ್ ಕೊಳ್ಳಲಿ?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರು ತೊಂದರೆಗಳೇ ಅಲ್ಲ, ಬೈನೋವ್ಯೂವರ್ ಹಾಗೆಯೇ ಕೆಲಸ ಮಾಡುತ್ತದೆ. ಗುರು ಎರಡಾಗಿ ಕಾಣುವುದೊಂದೇ ನಿಜವಾದ ದೋಷ. ಅದು ಕೂಡ ಹೆಚ್ಚಿನ ಸಲ ಐಪೀಸ್ ಕೂರಿಸುವ ರೀತಿಯಲ್ಲಿ ಇರುತ್ತದೆ, ಗಾಜಿನಲ್ಲಿ ಅಲ್ಲ. ಕನ್ನಡಿ ಸರಿಸುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕೊಳವೆಗೆ ತೂತು ಕೊರೆಯುವ ಮೊದಲು ಒಂದು ಸ್ಕೇಲು, ಒಂದು ಚೂರು ಬಟರ್ ಪೇಪರ್ ಹಿಡಿದು ಅಳತೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಫೋಕಸ್ ಯಾಕೆ ಸಿಗಲಿಲ್ಲ ಎಂಬುದನ್ನು ಮೊದಲು ನೋಡೋಣ. ಬೈನೋವ್ಯೂವರ್ ಒಳಗೆ ಬಂದ ಬೆಳಕು ಒಂದು ಕಿರಣ ವಿಭಾಜಕವನ್ನು ತಲುಪಿ ಎರಡಾಗುತ್ತದೆ. ಆಮೇಲೆ ಎಡಕ್ಕೂ ಬಲಕ್ಕೂ ಪ್ರಿಸಂಗಳ ಮೂಲಕ ತಿರುಗಿ ಎರಡು ಐಪೀಸ್‌ಗಳಿಗೆ ಹೋಗುತ್ತದೆ. ಈ ಸುತ್ತುದಾರಿಯ ಉದ್ದ ಚಿಕ್ಕ, ಹಗುರ ಮಾದರಿಗಳಲ್ಲಿ ಸುಮಾರು 100ರಿಂದ 110 ಮಿ.ಮೀ., ದೊಡ್ಡ ಪ್ರಿಸಂ ಇರುವ ಮಾದರಿಗಳಲ್ಲಿ 120 ಮಿ.ಮೀ. ದಾಟುತ್ತದೆ. ಅಂದರೆ ನಿಮ್ಮ ಐಪೀಸನ್ನು ಫೋಕಸರಿನ ಬಾಯಿಂದ 110 ಮಿ.ಮೀ. ಮೇಲಕ್ಕೆ ಎತ್ತಿ ಹಿಡಿದ ಹಾಗಾಯಿತು. ಕನ್ನಡಿ ಬಿಂಬವನ್ನು ಮೂಡಿಸುವ ಜಾಗ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಐಪೀಸ್ ಬಿಂಬದವರೆಗೆ ಇಳಿಯಬೇಕಾದರೆ ಫೋಕಸರ್ ಅಷ್ಟೂ ದೂರ ಒಳಗೆ ಹೋಗಬೇಕು. ನ್ಯೂಟನ್ ಮಾದರಿಯ ಯಾವ ಸಾಮಾನ್ಯ ದೂರದರ್ಶಕಕ್ಕೂ ಅಷ್ಟು ಒಳಜಾಗ ಇರುವುದಿಲ್ಲ.

ಇರುವ ಜಾಗ ಎಷ್ಟು ಎಂದು ಅಳೆಯುವುದು ಸುಲಭ. ದೂರದರ್ಶಕವನ್ನು ಚಂದ್ರನಿಗೆ ಹಿಡಿಯಿರಿ, ಫೋಕಸರನ್ನು ಪೂರ್ತಿ ಒಳಕ್ಕೆ ಇಳಿಸಿ, ಐಪೀಸ್ ತೆಗೆದುಬಿಡಿ. 1.25 ಇಂಚಿನ ಅಡಾಪ್ಟರ್ ಮಾತ್ರ ಇರಲಿ. ಅದರ ಬಾಯಿಯ ಮೇಲೆ ಬಟರ್ ಪೇಪರನ್ನು ಹಿಡಿದು ಮೇಲೆ ಕೆಳಗೆ ಆಡಿಸಿ. ಒಂದು ಎತ್ತರದಲ್ಲಿ ಸುಮಾರು 11 ಮಿ.ಮೀ. ಅಗಲದ ಚಂದ್ರ ಕಾಗದದ ಮೇಲೆ ಚೊಕ್ಕವಾಗಿ ಮೂಡುತ್ತಾನೆ. ಆ ಎತ್ತರವನ್ನು ಅಡಾಪ್ಟರಿನ ಅಂಚಿನಿಂದ ಅಳೆದು ಬರೆದುಕೊಳ್ಳಿ. ಅದೇ ನಿಮ್ಮ ಕೈಯಲ್ಲಿರುವ ಬಂಡವಾಳ. ಈ ಪರೀಕ್ಷೆಯನ್ನು ಸೂರ್ಯನ ಕಡೆಗೆ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಕಾಗದ ಹೊತ್ತಿಕೊಳ್ಳುತ್ತದೆ, ಕಣ್ಣಿನ ಗತಿ ಹೇಳಬೇಕಾಗಿಲ್ಲ.

ನಿಮಗೆ ಸಿಕ್ಕಿದ್ದು 40 ಮಿ.ಮೀ. ಎಂದಿಟ್ಟುಕೊಳ್ಳೋಣ. ಬೇಕಾದದ್ದು 110. ಕೊರತೆ 70 ಮಿ.ಮೀ. ಈ ಕೊರತೆಯನ್ನು ತುಂಬಿಸುವುದೇ ಬಾರ್ಲೋದ ಕೆಲಸ. ನಿಮ್ನ ಮಸೂರ ಬೆಳಕಿನ ಶಂಕುವನ್ನು ತೆಳ್ಳಗೆ, ಉದ್ದವಾಗಿ ಎಳೆದು ಬಿಂಬವನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆ ತಳ್ಳುವಾಗ ವರ್ಧನೆಯನ್ನೂ ಏರಿಸುತ್ತದೆ; ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ.

ಬಾರ್ಲೋ ಮೇಲೆ ಬರೆದಿರುವ "2 ಪಟ್ಟು" ಎಂಬುದು ಐಪೀಸನ್ನು ಅದರ ಕೊಳವೆಗೆ ನೇರವಾಗಿ ಹಾಕಿದಾಗಿನ ಮಾತು. ಮಸೂರದಿಂದ ಐಪೀಸಿನ ಬಿಂಬತಲಕ್ಕೆ ದೂರ ಹೆಚ್ಚಿದಷ್ಟೂ ವರ್ಧನೆ ಹೆಚ್ಚುತ್ತದೆ. ಸೂತ್ರ ಸರಳ: ಆ ದೂರವನ್ನು ಬಾರ್ಲೋ ಮಸೂರದ ಸಂಗಮದೂರದಿಂದ ಭಾಗಿಸಿ, 1 ಕೂಡಿಸಿ. ಗಿಡ್ಡ ಬಾರ್ಲೋಗಳ ಸಂಗಮದೂರ ಸುಮಾರು 75 ಮಿ.ಮೀ. ಇರುತ್ತದೆ ಎಂದು ಹಿಡಿಯೋಣ. ಬೈನೋವ್ಯೂವರ್ ದಾರಿ 110, ಅದರ ಮೂತಿಯ ಉದ್ದ 28, ಒಟ್ಟು 138 ಮಿ.ಮೀ. 138ನ್ನು 75ರಿಂದ ಭಾಗಿಸಿ 1 ಕೂಡಿಸಿದರೆ 2.84. ನೀವು 2 ಪಟ್ಟು ಎಂದುಕೊಂಡದ್ದು ಹತ್ತಿರ ಹತ್ತಿರ 3 ಪಟ್ಟಾಗಿದೆ. ದೂರದರ್ಶಕದ ಸಂಗಮದೂರ 1200ರಿಂದ ಸುಮಾರು 3400 ಮಿ.ಮೀ.ಗೆ ಏರಿತು, 25 ಮಿ.ಮೀ. ಐಪೀಸ್ 48ರ ಬದಲು 136 ಪಟ್ಟು ಕೊಡುತ್ತಿದೆ. ಬಾರ್ಲೋವನ್ನು ಕೊಳವೆಸಹಿತ ಹಾಕಿ ಅದರ ಮೇಲೆ ಬೈನೋವ್ಯೂವರ್ ಕೂರಿಸಿದ್ದರೆ 3.5 ಪಟ್ಟಿನ ಆಸುಪಾಸಿಗೆ ಹೋಗುತ್ತಿತ್ತು. ಆದ್ದರಿಂದ ಮಸೂರದ ಭಾಗವನ್ನು ಮಾತ್ರ ಬಿಚ್ಚಿ ಮೂತಿಗೆ ತಿರುಗಿಸಿದ್ದು ಸರಿಯಾದ ಕೆಲಸ.

ನಿಮ್ಮ ಬಾರ್ಲೋದ ಅಂಕಿ ಬೇರೆ ಇರಬಹುದು. ನಿಜವಾದ ವರ್ಧನೆಯನ್ನು ಆಕಾಶವೇ ಅಳೆದುಕೊಡುತ್ತದೆ. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ್ದು ಮಿಂಟಕ. ಅದು ಖಗೋಳ ಸಮಭಾಜಕದ ಮೇಲೆಯೇ ಇದೆ ಎನ್ನಬಹುದು. ಅದನ್ನು ದೃಷ್ಟಿಕ್ಷೇತ್ರದ ಒಂದು ಅಂಚಿನಲ್ಲಿ ನಿಲ್ಲಿಸಿ, ದೂರದರ್ಶಕವನ್ನು ಮುಟ್ಟದೆ, ಅದು ನಟ್ಟನಡುವೆ ಹಾದು ಇನ್ನೊಂದು ಅಂಚಿಗೆ ಮರೆಯಾಗುವವರೆಗೆ ಸೆಕೆಂಡು ಎಣಿಸಿ. ನಾಲ್ಕರಿಂದ ಭಾಗಿಸಿದರೆ ದೃಷ್ಟಿಕ್ಷೇತ್ರ ಎಷ್ಟು ಕಲೆ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಎಂದು ಸಿಗುತ್ತದೆ. 25 ಮಿ.ಮೀ. ಪ್ಲಾಸಲ್‌ನ ಬುಡದೊಳಗೆ ಕಾಣುವ, ದೃಷ್ಟಿಕ್ಷೇತ್ರದ ಅಂಚನ್ನು ನಿಗದಿಪಡಿಸುವ ಫೀಲ್ಡ್ ಸ್ಟಾಪ್ ಉಂಗುರ ಸುಮಾರು 21 ಮಿ.ಮೀ. ಅಗಲ. 3438ನ್ನು ಆ 21ರಿಂದ ಗುಣಿಸಿ, ಬಂದ ಕಲೆಗಳಿಂದ ಭಾಗಿಸಿ. ಬರುವುದೇ ದೂರದರ್ಶಕದ ಈಗಿನ ಸಂಗಮದೂರ. 85 ಸೆಕೆಂಡು ಬಂದರೆ ಕ್ಷೇತ್ರ ಸುಮಾರು 21 ಕಲೆ, ಸಂಗಮದೂರ 3400 ಮಿ.ಮೀ.

ಚಂದ್ರ ಯಾಕೆ ಹಿಡಿಯಲಿಲ್ಲ ಎಂಬುದಕ್ಕೂ ಇದೇ ಉತ್ತರ. ಚಂದ್ರನ ಅಗಲ ಸುಮಾರು 31 ಕಲೆ, ನಿಮ್ಮ ಕಿಟಕಿ 21 ಕಲೆ. ಪೂರ್ಣಚಂದ್ರ ಇಡಿಯಾಗಿ ಬೇಕಾದರೆ ವರ್ಧನೆಯ ಪಟ್ಟು 2ರ ಹತ್ತಿರಕ್ಕೆ ಇಳಿಯಬೇಕು. ಎಷ್ಟರವರೆಗೆ ಇಳಿಸಬಹುದು ಎಂಬುದಕ್ಕೂ ನಿಮ್ಮ ಬಟರ್ ಪೇಪರ್ ಅಳತೆ ಸಾಕು. ಬೈನೋವ್ಯೂವರ್ ದಾರಿಗೆ ಮೂತಿಯ ಉದ್ದ ಸೇರಿಸಿ. ಕೈಯಲ್ಲಿರುವ ಒಳಜಾಗಕ್ಕೂ ಮೂತಿಯ ಉದ್ದ ಸೇರಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 138 ಭಾಗಿಸು 68, ಅಂದರೆ 2.03. ಮಸೂರ ಮೂತಿಯ ತುದಿಯಲ್ಲೇ ಇರುವವರೆಗೆ ಇದಕ್ಕಿಂತ ಕಡಿಮೆ ವರ್ಧನೆಯಲ್ಲಿ ಯಾವ ಬಾರ್ಲೋ ಹಾಕಿದರೂ ಫೋಕಸ್ ಸಿಗದು. ಸಂಗಮದೂರ 120 ಮಿ.ಮೀ. ಆಸುಪಾಸಿನ ದುರ್ಬಲ ಬಾರ್ಲೋ ಮಸೂರ ಸಿಕ್ಕರೆ ಪಟ್ಟು 2.15ಕ್ಕೆ ಇಳಿಯುತ್ತದೆ, 25 ಮಿ.ಮೀ. ಐಪೀಸಿನಲ್ಲಿ 103 ಪಟ್ಟು, ಕ್ಷೇತ್ರ 28 ಕಲೆ. ಚಂದ್ರ ಇನ್ನೂ ಸ್ವಲ್ಪ ಹೊರಚಾಚುತ್ತಾನೆ, ಆದರೆ ಗುರು, ಶನಿ ನೋಡಲು ಇದು ಅಚ್ಚುಕಟ್ಟಾದ ಆರಂಭದ ವರ್ಧನೆ. ಬೈನೋವ್ಯೂವರ್ ತಯಾರಕರು ಮಾರುವ ಗ್ಲಾಸ್‌ಪಾತ್ ಕರೆಕ್ಟರ್‌ಗಳೂ ಇದೇ ಕುಲದವು. ಬಾಡರ್ ಸಂಸ್ಥೆಯವು 1.25, 1.7 ಮತ್ತು 2.6 ಪಟ್ಟಿನಲ್ಲಿ ಬರುತ್ತವೆ. ಸಣ್ಣ ಪಟ್ಟಿನದು ತುಂಬಿಕೊಡುವ ದೂರವೂ ಸಣ್ಣದು; ಡಾಬ್ಸೋನಿಯನ್‌ಗೆ 1.25 ಪಟ್ಟಿನದನ್ನು ಕೊಂಡು ಫೋಕಸ್ ಬರಲಿಲ್ಲ ಎಂದು ಬೇಸರಪಡುವವರು ಹಲವರು.

ಹಾಗಾದರೆ ಬಾರ್ಲೋ ಗೊಡವೆಯೇ ಬೇಡ, ಮುಖ್ಯ ಕನ್ನಡಿಯನ್ನೇ 70 ಮಿ.ಮೀ. ಮುಂದೆ ತಂದುಬಿಡೋಣ ಎಂಬ ನಿಮ್ಮ ಯೋಚನೆಗೆ ಬರೋಣ. ತಾತ್ವಿಕವಾಗಿ ಅದು ಸಾಧ್ಯ, ಆದರೆ ನಾನು ಬೇಡ ಎನ್ನುತ್ತೇನೆ. ಕನ್ನಡಿ ಮುಂದೆ ಬಂದಷ್ಟೂ, ಬೆಳಕನ್ನು ಫೋಕಸರಿನ ಕಡೆ ತಿರುಗಿಸುವ ಓರೆ ಕನ್ನಡಿಯ ಜಾಗದಲ್ಲಿ ಬೆಳಕಿನ ಶಂಕು ದಪ್ಪವಾಗುತ್ತದೆ. ಈಗ ಓರೆ ಕನ್ನಡಿಯಿಂದ ಬಿಂಬಕ್ಕೆ ಸುಮಾರು 230 ಮಿ.ಮೀ. ಇದ್ದರೆ, ಎಫ್/5.9ರಲ್ಲಿ (ಸಂಗಮದೂರ ಕನ್ನಡಿಯ ವ್ಯಾಸದ 5.9 ಪಟ್ಟು) ಅಲ್ಲಿ ಶಂಕುವಿನ ದಪ್ಪ 39 ಮಿ.ಮೀ. 70 ಸೇರಿ 300 ಆದಾಗ ಅದು 51 ಮಿ.ಮೀ. ನಿಮ್ಮ ಓರೆ ಕನ್ನಡಿಯ ಕಿರಿಯ ವ್ಯಾಸ 47 ಮಿ.ಮೀ. ಇದ್ದರೆ 203 ಮಿ.ಮೀ. ದೂರದರ್ಶಕ ಸುಮಾರು 188 ಮಿ.ಮೀ.ನದಾಗಿ ಕುಗ್ಗುತ್ತದೆ, ಅಂಚುಗಳಂತೂ ಇನ್ನೂ ಮಂಕು. ದೊಡ್ಡ ಓರೆ ಕನ್ನಡಿ ಹಾಕಿದರೆ ಗ್ರಹಗಳ ಮೇಲಿನ ಸೂಕ್ಷ್ಮ ಛಾಯೆಗಳ ಸ್ಪಷ್ಟತೆ ಕುಂದುತ್ತದೆ. ಮೇಲಾಗಿ ಪ್ರತಿ ಸಲ ಒಂದೇ ಐಪೀಸ್ ಹಾಕುವಾಗ 70 ಮಿ.ಮೀ. ಎಕ್ಸ್‌ಟೆನ್ಶನ್ ಕೊಳವೆ ಬೇಕು, ಕೊಳವೆಯ ತೂಕದ ಸಮತೋಲವೂ ಬದಲಾಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಗಟ್ಟಿಯಾದದ್ದು, ಆದರೆ ಹೆಚ್ಚು ಜನ ಗಮನಿಸುವುದಿಲ್ಲ. ಹಗುರ ಬೈನೋವ್ಯೂವರ್‌ಗಳ ಪ್ರಿಸಂ ಕಿಂಡಿ ಸುಮಾರು 20 ಮಿ.ಮೀ. ಅಗಲ. ಬಾರ್ಲೋ ಇಲ್ಲದೆ ಎಫ್/5.9ರ ಶಂಕು ಬಿಂಬಕ್ಕಿಂತ 110 ಮಿ.ಮೀ. ಮೊದಲೇ, ಅಂದರೆ ಬೈನೋವ್ಯೂವರ್ ಬಾಗಿಲಲ್ಲಿ, 18.6 ಮಿ.ಮೀ. ದಪ್ಪ ಇರುತ್ತದೆ. ನಡುವಿನ ನಕ್ಷತ್ರದ ಬೆಳಕೇ ಬಾಗಿಲಿಗೆ ಉಜ್ಜಿಕೊಂಡು ಒಳಗೆ ಹೋಗಬೇಕು. ಅಂಚಿನ ನಕ್ಷತ್ರಗಳ ಬೆಳಕಿನ ಒಂದು ಪಾಲು ಗೋಡೆಗೆ ಬಡಿದು ಹೋಗುತ್ತದೆ. ಎಫ್/5 ದೂರದರ್ಶಕದಲ್ಲಿ ಶಂಕು 22 ಮಿ.ಮೀ. ಆಗಿ ನಡುವಿನ ಬೆಳಕೂ ಕತ್ತರಿಸುತ್ತದೆ. ಜೊತೆಗೆ ಅಷ್ಟು ಅಗಲದ ಶಂಕು ಅಷ್ಟು ದಪ್ಪ ಗಾಜಿನ ಮೂಲಕ ಹಾದಾಗ ಗೋಳೀಯ ದೋಷ, ಬಣ್ಣದ ಅಂಚು ಎರಡೂ ಸೇರಿಕೊಳ್ಳುತ್ತವೆ. ಬಾರ್ಲೋ ಮುಂದಿದ್ದರೆ ಶಂಕು ಎಫ್/17ರಷ್ಟು ತೆಳ್ಳಗಾಗಿ ಬಾಗಿಲಲ್ಲಿ 6.5 ಮಿ.ಮೀ. ಮಾತ್ರ ಇರುತ್ತದೆ, ಈ ದೋಷಗಳು ಲೆಕ್ಕಕ್ಕೇ ಬರುವುದಿಲ್ಲ. ಎಫ್ ಸಂಖ್ಯೆ ಕಡಿಮೆ ಇರುವ ನ್ಯೂಟನ್ ದೂರದರ್ಶಕದಲ್ಲಿ ಬಾರ್ಲೋವನ್ನು ಫೋಕಸ್‌ಗಾಗಿ ತೆತ್ತ ದಂಡ ಎಂದು ನೋಡಬೇಡಿ. ಬಿಂಬದ ಗುಣಮಟ್ಟಕ್ಕೇ ಅದು ಬೇಕು.

ಈಗ ಎರಡು ಗುರುಗಳ ವಿಷಯ. ಇದರಲ್ಲಿ ತಾಳ್ಮೆ ಬೇಕು, ಆತುರದಲ್ಲಿ ಸ್ಕ್ರೂ ಡ್ರೈವರ್ ಎತ್ತಿಕೊಳ್ಳಬಾರದು. ನಿಮ್ಮ ಮುಖ್ಯ ಕನ್ನಡಿ, ಓರೆ ಕನ್ನಡಿ ಎಷ್ಟೇ ಓರೆಯಾಗಿದ್ದರೂ ಬಿಂಬ ಎರಡಾಗುವುದಿಲ್ಲ, ಯಾಕೆಂದರೆ ಬೆಳಕು ಎರಡಾಗುವುದು ಅವೆಲ್ಲ ದಾಟಿದ ಮೇಲೆ. ಕೊಲಿಮೇಶನ್, ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು, ಬಿಂಬದ ಚೂಪಿಗೆ ಬೇಕು. ಜೋಡಿ ಬಿಂಬ ಒಂದಾಗಿಸಲು ಅದನ್ನು ಕೆದಕಬೇಡಿ. ತಪ್ಪು ಬೈನೋವ್ಯೂವರ್ ಒಳಗೆ, ಇಲ್ಲವೇ ಐಪೀಸ್ ಕೂತ ಬಗೆಯಲ್ಲಿ.

ಎಷ್ಟು ಸಣ್ಣ ತಪ್ಪು ಸಾಕು ನೋಡಿ. ಒಂದು ಐಪೀಸ್ ಪಕ್ಕಕ್ಕೆ 0.1 ಮಿ.ಮೀ. ಸರಿದರೆ 25 ಮಿ.ಮೀ. ಐಪೀಸಿನಲ್ಲಿ ಆ ಕಣ್ಣಿನ ಬಿಂಬ 14 ಕಲೆ ಸರಿಯುತ್ತದೆ. 10 ಮಿ.ಮೀ. ಐಪೀಸಿನಲ್ಲಿ ಅದೇ ತಪ್ಪು 34 ಕಲೆ, ಬರಿಗಣ್ಣಿಗೆ ಕಾಣುವ ಪೂರ್ಣಚಂದ್ರನಿಗಿಂತ ಹೆಚ್ಚು. ಅಡ್ಡಡ್ಡ ಸರಿದರೆ ಕಣ್ಣುಗಳು ಮೂಗಿನ ಕಡೆ ತಿರುಗಿ ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತವೆ. ಪುಸ್ತಕ ಓದುವಾಗ ದಿನವೂ ಮಾಡುವ ಕೆಲಸ ಅದು. ಮೇಲೆ ಕೆಳಗೆ ಸರಿದರೆ ಕಣ್ಣಿಗೆ ಆ ಅಭ್ಯಾಸವೇ ಇಲ್ಲ. ಹಾಗಾಗಿ ನಿಮ್ಮದು ಒಂದರ ಮೇಲೊಂದು ಬಿಂಬ ಎಂದರೆ ತಪ್ಪು ಸಣ್ಣದೇ ಇರಬಹುದು, ದಿಕ್ಕು ಮಾತ್ರ ಕಣ್ಣಿಗೆ ಆಗದ ದಿಕ್ಕು.

ಪರೀಕ್ಷೆಯನ್ನು ಹಗಲಿನಲ್ಲಿ, ಒಂದು ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರ್ ಅಥವಾ ನೀರಿನ ಟ್ಯಾಂಕ್ ಮೇಲೆ ಮಾಡಿ. ಗುರು ಓಡುತ್ತಾನೆ, ಟವರ್ ನಿಂತಿರುತ್ತದೆ. ಎರಡೂ ಐಪೀಸನ್ನು ತಳ ಮುಟ್ಟುವವರೆಗೆ ಒತ್ತಿ ಕೂರಿಸಿ, ಆಮೇಲೆ ಬಿಗಿ ಮಾಡಿ. ಬಿಗಿ ಮಾಡುವ ತಿರುಪು ಒಂದೇ ಇದ್ದರೆ ಅದು ಐಪೀಸನ್ನು ಎದುರು ಗೋಡೆಗೆ ತಳ್ಳುತ್ತದೆ. ಒಂದು ಐಪೀಸಿನ ತಿರುಪು ಮೇಲಕ್ಕೂ ಇನ್ನೊಂದರದ್ದು ಕೆಳಕ್ಕೂ ಇದ್ದರೆ ಎರಡು ಬಿಂಬ ವಿರುದ್ಧ ದಿಕ್ಕಿಗೆ ಸರಿದು ತಪ್ಪು ಇಮ್ಮಡಿಯಾಗುತ್ತದೆ. ಹಿಡಿಕೆಗಳನ್ನು ತಿರುಗಿಸಬಹುದಾದರೆ ಎರಡೂ ತಿರುಪು ಒಂದೇ ದಿಕ್ಕಿಗೆ ಬರಲಿ. ಐಪೀಸ್ ಮೂತಿಯಲ್ಲಿ ಕೊರೆದ ಕಾಲುವೆ ಇದ್ದರೆ ಬಿಗಿ ಉಂಗುರ ಅದರ ಅಂಚಿಗೆ ಸಿಕ್ಕಿ ಐಪೀಸನ್ನು ಓರೆ ಮಾಡುತ್ತದೆ. ಆ ಕಾಲುವೆಗೆ ಅಲ್ಯೂಮಿನಿಯಂ ಟೇಪನ್ನು ಮಟ್ಟಸವಾಗಿ ಸುತ್ತಿ ತುಂಬಿಬಿಡಿ. ಇಷ್ಟರಿಂದಲೇ ಬಹಳಷ್ಟು ಬೈನೋವ್ಯೂವರ್‌ಗಳು ದಾರಿಗೆ ಬರುತ್ತವೆ.

ಬರದಿದ್ದರೆ, ಒಂದು ಐಪೀಸನ್ನು ಸಡಿಲಿಸಿ ಇದ್ದಲ್ಲೇ ಕಾಲು ಸುತ್ತು ತಿರುಗಿಸಿ ಮತ್ತೆ ಬಿಗಿ ಮಾಡಿ ನೋಡಿ. ಬಿಂಬಗಳ ಅಂತರ ಅಥವಾ ದಿಕ್ಕು ಬದಲಾದರೆ ಆ ಐಪೀಸಿನ ಮಸೂರಗಳೇ ಅದರ ಮೂತಿಗೆ ನೇರವಾಗಿಲ್ಲ. ಎಡಬಲ ಅದಲು ಬದಲು ಮಾಡಿ, ತಿರುಗಿಸಿ, ಚೆನ್ನಾಗಿ ಕೂಡುವ ಜೋಡಣೆ ಸಿಕ್ಕಾಗ ಐಪೀಸಿಗೂ ಹಿಡಿಕೆಗೂ ಒಂದೊಂದು ಚುಕ್ಕಿ ಗುರುತು ಹಾಕಿಡಿ. ಏನೇ ಮಾಡಿದರೂ ಬಿಂಬ ಅದೇ ದಿಕ್ಕಿಗೆ, ಅಷ್ಟೇ ದೂರ ಸರಿದಿದ್ದರೆ ಒಳಗಿನ ಪ್ರಿಸಂ ಕದಲಿದೆ. ರಾತ್ರಿ ಇದನ್ನು ಖಚಿತ ಮಾಡಿಕೊಳ್ಳಬಹುದು: ಒಂದು ಪ್ರಕಾಶಮಾನ ನಕ್ಷತ್ರವನ್ನು ಎಡಗಣ್ಣಿಗೆ ಚೂಪಾಗಿಸಿ, ಬಲಗಡೆಯ ಐಪೀಸನ್ನು ಸ್ವಲ್ಪ ಮೇಲಕ್ಕೆತ್ತಿ ಅಲ್ಲಿನ ನಕ್ಷತ್ರವನ್ನು ಬಿಲ್ಲೆಯಂತೆ ಹಿಗ್ಗಿಸಿ. ಎರಡೂ ಕಣ್ಣು ತೆರೆದು ನೋಡಿದಾಗ ಚುಕ್ಕಿ ಬಿಲ್ಲೆಯ ನಡುವೆ ಕೂತರೆ ಜೋಡಣೆ ಸರಿ. ಹೀಗೆ ಆಕಾರ ಬೇರೆ ಮಾಡಿದಾಗ ಮೆದುಳು ಎರಡನ್ನೂ ಬಲವಂತವಾಗಿ ಒಂದು ಮಾಡುವುದಿಲ್ಲ, ಹಾಗಾಗಿ ತಪ್ಪು ಬಯಲಾಗುತ್ತದೆ. ಚುಕ್ಕಿ ಬಿಲ್ಲೆಯ ಹೊರಗೇ ಬಿದ್ದರೆ ಉಪಕರಣವನ್ನು ಮಾರಿದವರಿಗೆ ಹಿಂದಿರುಗಿಸಿ, ಬೇರೆ ಕೇಳಿ. ಖಾತರಿ ಅವಧಿ ಮುಗಿದಿದ್ದರೆ, ಪ್ರಿಸಂ ಹಿಡಿದ ತಿರುಪುಗಳು ಇರುವ ಮಾದರಿಯಾದರೆ ಮಾತ್ರ, ಅವುಗಳ ಈಗಿನ ಸ್ಥಾನಕ್ಕೆ ಗೆರೆ ಎಳೆದುಕೊಂಡು ಒಂದು ಸಲಕ್ಕೆ ಅರೆಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಪ್ರಯತ್ನಿಸಬಹುದು.

ನಿಮ್ಮ ಕಣ್ಣನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಯಾರದಾದರೂ ಒಳ್ಳೆಯ 10x50 ಬೈನಾಕ್ಯುಲರ್‌ನಲ್ಲಿ ಎರಡೂ ಬಿಂಬ ಸಲೀಸಾಗಿ ಒಂದಾದರೆ ಚಿಂತೆಯಿಲ್ಲ. ಚಿಕ್ಕಂದಿನಿಂದ ಮಾಲುಗಣ್ಣು ಇದ್ದವರಿಗೆ, ಒಂದು ಕಣ್ಣು ತೀರ ಮಂದವಾಗಿರುವವರಿಗೆ ಯಾವ ಬೈನೋವ್ಯೂವರ್‌ನಲ್ಲೂ ಬಿಂಬಗಳು ಕೂಡದೇ ಇರಬಹುದು.

ಜೋಡಣೆ ಸರಿಯಾದ ಮೇಲೆ ನೋಡುವ ಕ್ರಮ ಹೀಗಿರಲಿ. ಮೊದಲು ಕಣ್ಪಾಪೆಗಳ ಅಂತರ. ಕನ್ನಡಿ ಮುಂದೆ ನಿಂತು ಸ್ಕೇಲಿನಿಂದ ಅಳೆಯಿರಿ; ವಯಸ್ಕರಲ್ಲಿ ಬಹುತೇಕ 55ರಿಂದ 72 ಮಿ.ಮೀ. ನಡುವೆ ಬರುತ್ತದೆ. ಬೈನೋವ್ಯೂವರ್ ಅನ್ನು ಆ ಅಂತರಕ್ಕೆ ಮಡಚಿ. ಈ ಅಂತರ ತಪ್ಪಿದರೆ ಬಿಂಬ ಎರಡಾಗುವುದಿಲ್ಲ, ಒಂದು ಕಣ್ಣಿಗೆ ಕತ್ತಲೆಯ ಹುರುಳಿಕಾಳು ತೇಲಿದಂತೆ ಕಾಣುತ್ತದೆ. ಎರಡು ದೋಷಗಳನ್ನು ಒಂದೆಂದು ಗೊಂದಲ ಮಾಡಿಕೊಳ್ಳಬೇಡಿ. ಆಮೇಲೆ ಎರಡೂ ಡಯಾಪ್ಟರ್‌ಗಳನ್ನು (ಒಂದೊಂದು ಐಪೀಸಿನ ಫೋಕಸನ್ನು ಬೇರೆ ಬೇರೆಯಾಗಿ ತಿದ್ದುವ ಉಂಗುರಗಳು) ನಡುಮಟ್ಟಕ್ಕೆ ತಂದು, ಬಲಗಣ್ಣು ಮುಚ್ಚಿ, ದೂರದರ್ಶಕದ ಫೋಕಸರಿನಿಂದ ಎಡಗಣ್ಣಿಗೆ ಚೂಪು ಮಾಡಿ. ಈಗ ಫೋಕಸರನ್ನು ಮುಟ್ಟದೆ, ಬಲಗಡೆಯ ಡಯಾಪ್ಟರನ್ನು ಮಾತ್ರ ತಿರುಗಿಸಿ ಬಲಗಣ್ಣಿಗೆ ಚೂಪು ಮಾಡಿ. ಮುಚ್ಚುವ ಕಣ್ಣನ್ನು ಅಂಗೈಯಿಂದ ಮರೆ ಮಾಡಿ, ಹಿಂಡಿ ಮುಚ್ಚಬೇಡಿ. ಹಿಂಡಿದ ಕಣ್ಣು ಇನ್ನೊಂದರ ಫೋಕಸನ್ನೂ ಕೆಡಿಸುತ್ತದೆ. ಇದಾದ ಮೇಲೆ ಕೊನೆಯ ತಿದ್ದುಪಡಿ ಯಾವಾಗಲೂ ಫೋಕಸರಿನಿಂದಲೇ. ದೂರದ ದಿಗಂತ ನೋಡುವ ಹಾಗೆ ಕಣ್ಣು ಸಡಿಲ ಬಿಟ್ಟು ಅರ್ಧ ನಿಮಿಷ ಸುಮ್ಮನೆ ಇರಿ. ಬಿಂಬಗಳು ತಾವಾಗಿ ಬಂದು ಕೂಡುತ್ತವೆ.

ಬೆಳಕಿನ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳಲಾರೆ. ಅರ್ಧ ಬೆಳಕು ಆ ಕಣ್ಣಿಗೆ, ಅರ್ಧ ಈ ಕಣ್ಣಿಗೆ, ನಡುವೆ ಗಾಜು ನುಂಗುವುದು ಬೇರೆ. ಒಂದೊಂದು ಕಣ್ಣಿಗೆ ನೂರಕ್ಕೆ 45 ಪಾಲು ತಲುಪಿದರೆ, ಬೆಳಕಿನ ಲೆಕ್ಕದಲ್ಲಿ ನಿಮ್ಮ 203 ಮಿ.ಮೀ. ದೂರದರ್ಶಕ ಪ್ರತಿ ಕಣ್ಣಿಗೂ 136 ಮಿ.ಮೀ. ದೂರದರ್ಶಕವಾಯಿತು. ಎರಡು ಕಣ್ಣು ಸೇರಿದಾಗ ಮಂದ ವ್ಯತ್ಯಾಸಗಳನ್ನು ಗುರುತಿಸುವ ಶಕ್ತಿ ಸುಮಾರು 1.4 ಪಟ್ಟು ಹೆಚ್ಚುವುದರಿಂದ ನಷ್ಟದ ಒಂದು ಭಾಗ ಹಿಂದಿರುಗುತ್ತದೆ, ಪೂರ್ತಿ ಅಲ್ಲ. ಮಂದ ಗೆಲಾಕ್ಸಿಗಳಿಗೆ ಒಂದೇ ಐಪೀಸ್ ಒಳ್ಳೆಯದು. ಆದರೆ ಬೇರ್ಪಡಿಸಿ ತೋರುವ ಶಕ್ತಿ ಮಾತ್ರ 203 ಮಿ.ಮೀ.ನದೇ ಉಳಿಯುತ್ತದೆ, ಬೈನೋವ್ಯೂವರ್ ಗೆಲ್ಲುವುದೇ ಇಲ್ಲಿ. ಚಂದ್ರ, ಗುರು, ಶನಿಗಳಲ್ಲಿ ಬೆಳಕಿಗೆ ಬರವಿಲ್ಲ. ಎರಡು ಕಣ್ಣು ಸೇರಿದಾಗ ಕಣ್ಣೊಳಗೆ ತೇಲುವ ನೂಲೆಳೆಗಳನ್ನು ಮೆದುಳು ಬದಿಗೊತ್ತುತ್ತದೆ, ಸ್ನಾಯುಗಳಿಗೆ ದಣಿವಾಗುವುದಿಲ್ಲ, ಗಾಳಿ ನಿಲ್ಲುವ ಆ ಎರಡು ಕ್ಷಣಗಳಿಗಾಗಿ ಇಪ್ಪತ್ತು ನಿಮಿಷ ಕಾಯಬಹುದು. ಗುರುವಿನ ಪಟ್ಟೆಗಳ ಅಂಚಿನ ನೀಲಿ ಕುಡಿಗಳು, ಶನಿಯ ಬಳೆಗಳ ನಡುವಿನ ಕ್ಯಾಸಿನಿ ಬಿರುಕು ಹೀಗೆ ಕಾದವರಿಗೇ ದಕ್ಕುವಂಥವು. ಚಂದ್ರನ ಬೆಳಕು ನೆರಳಿನ ಗಡಿಯಲ್ಲಿ ಕುಳಿಗಳು ಉಬ್ಬುತಗ್ಗಾಗಿ ಕಾಣುತ್ತವೆ. ಎರಡು ಕಣ್ಣಿಗೂ ಒಂದೇ ಬಿಂಬ ಹೋಗುವುದರಿಂದ ಇದು ನಿಜವಾದ ಆಳದ ದೃಷ್ಟಿಯಲ್ಲ, ಮೆದುಳು ಕೊಡುವ ಅನುಭವ. ಅದರಿಂದ ಅದರ ಸೊಗಸಿಗೇನೂ ಕುಂದಿಲ್ಲ.

ಆಳಾಕಾಶ ಪೂರ್ತಿ ಕೈಬಿಡಬೇಕಿಲ್ಲ. ಗೋಳಾಕಾರದ ನಕ್ಷತ್ರಗುಚ್ಛಗಳು ಈ ವರ್ಧನೆಯಲ್ಲಿ ಬಹಳ ಚೆನ್ನ. ಕರ್ನಾಟಕದ ಅಕ್ಷಾಂಶದಿಂದ ಒಮೆಗಾ ಸೆಂಟಾರಿ ಬೇಸಿಗೆಯ ರಾತ್ರಿಗಳಲ್ಲಿ ದಕ್ಷಿಣಕ್ಕೆ ಚೆನ್ನಾಗಿ ಮೇಲೇರುತ್ತದೆ, ಬೆಂಗಳೂರಿನಿಂದ ದಿಗಂತದ ಮೇಲೆ 29 ಡಿಗ್ರಿ. ದಕ್ಷಿಣದ ಕಡೆ ಊರ ದೀಪಗಳಿಲ್ಲದ ಜಾಗ ಹುಡುಕಿ ಅದನ್ನು ಎರಡೂ ಕಣ್ಣಿನಲ್ಲಿ ಒಮ್ಮೆ ನೋಡಲೇಬೇಕು.

ಐಪೀಸ್ ಕೊಳ್ಳುವುದಾದರೆ 18 ಮಿ.ಮೀ. ಆಸುಪಾಸಿನ ಒಂದು ಜೋಡಿ ಸಾಕು. ನಿಮ್ಮ ಈಗಿನ ಬಾರ್ಲೋದೊಂದಿಗೆ ಅದು 189 ಪಟ್ಟು ಕೊಡುತ್ತದೆ, ಎಕ್ಸಿಟ್ ಪ್ಯೂಪಿಲ್ (ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ) 1 ಮಿ.ಮೀ.ಗಿಂತ ತುಸು ಹೆಚ್ಚು. ಗ್ರಹಗಳಿಗೆ ಹೇಳಿ ಮಾಡಿಸಿದ ಜಾಗ. 12 ಮಿ.ಮೀ. 284 ಪಟ್ಟಿಗೆ ಹೋಗುತ್ತದೆ, ಗಾಳಿ ಅಪರೂಪಕ್ಕೆ ಅಷ್ಟಕ್ಕೆ ಒಪ್ಪುತ್ತದೆ. 10 ಮಿ.ಮೀ.ಗಿಂತ ಕಿರಿದನ್ನು ಬೇಡವೇ ಬೇಡ. ಮೇಲೆ ಹೇಳಿದ 0.1 ಮಿ.ಮೀ. ಲೆಕ್ಕ ಅಲ್ಲಿ ಕಾಡುತ್ತದೆ, ಸಾಮಾನ್ಯ ಪ್ಲಾಸಲ್ ಆದರೆ ರೆಪ್ಪೆಯೂ ಗಾಜಿಗೆ ತಾಗುತ್ತದೆ. 32 ಮಿ.ಮೀ. ಪ್ಲಾಸಲ್‌ನ ಫೀಲ್ಡ್ ಸ್ಟಾಪ್ 27 ಮಿ.ಮೀ., ನಿಮ್ಮ 20 ಮಿ.ಮೀ. ಪ್ರಿಸಂ ಅದರ ಅಂಚನ್ನು ಮಂಕು ಮಾಡುತ್ತದೆ, ದುಡ್ಡು ದಂಡ. ಐಪೀಸಿನ ಮೈದಪ್ಪವನ್ನೂ ನೋಡಿ: ಕಣ್ಪಾಪೆ ಅಂತರ 60 ಮಿ.ಮೀ. ಇರುವವರಿಗೆ 55 ಮಿ.ಮೀ. ದಪ್ಪದ ಐಪೀಸ್ ಜೋಡಿ ಹಾಕಿದರೆ ಮೂಗಿಗೆ ಉಳಿಯುವುದು 5 ಮಿ.ಮೀ. ಜೋಡಿಯನ್ನು ಒಟ್ಟಿಗೇ ಕೊಳ್ಳಿ, ಈಗೊಂದು ಆಮೇಲೊಂದು ಬೇಡ. ಜೂಮ್ ಐಪೀಸ್‌ಗಳು ಎರಡೂ ಎಲ್ಲ ಮಟ್ಟದಲ್ಲೂ ಸಮನಾಗಿ ಓಡುವುದು ಕಷ್ಟ. ಪ್ರಯೋಗಾಲಯದ ಹಳೆಯ ಸೂಕ್ಷ್ಮದರ್ಶಕದ ಜೋಡಿತಲೆ ಸಿಕ್ಕರೆ ಆಗದೇ ಎಂದು ಕೇಳುವವರಿದ್ದಾರೆ. ಅದರ ಐಪೀಸ್ ಕೊಳವೆ ಸಾಮಾನ್ಯವಾಗಿ 23.2 ಮಿ.ಮೀ., ನಮ್ಮವು 31.75, ಲೇತ್ ಕೆಲಸ ಗೊತ್ತಿಲ್ಲದವರು ಅದರ ತಂಟೆಗೆ ಹೋಗಬಾರದು.

ತೂಕವನ್ನು ಕಡೆಗಣಿಸಬೇಡಿ. ಬೈನೋವ್ಯೂವರ್, ಎರಡು ಐಪೀಸ್ ಸೇರಿ ಸುಮಾರು ಒಂದು ಕಿಲೋ ಕೊಳವೆಯ ಬಾಯಲ್ಲಿ ಕೂರುತ್ತದೆ. ಆನಿಕೆಯಿಂದ ಫೋಕಸರಿಗೆ 70 ಸೆಂ.ಮೀ., ಕನ್ನಡಿಯ ತುದಿಗೆ 45 ಸೆಂ.ಮೀ. ಇದ್ದರೆ ಹಿಂದುಗಡೆ ಸುಮಾರು ಒಂದೂವರೆ ಕಿಲೋ ಬೇಕು. ಉಕ್ಕಿನ ಕೊಳವೆಯಾದರೆ ಬಲವಾದ ಅಯಸ್ಕಾಂತಗಳೇ ಸಾಕು. ಫೋಕಸರಿನ ಬಿಗಿ ತಿರುಪನ್ನು ತುಸು ಹೆಚ್ಚು ಬಿಗಿ ಮಾಡಿ, ಇಲ್ಲದಿದ್ದರೆ ಅದು ತಾನಾಗಿ ಜಾರುತ್ತದೆ. ಬೈನೋವ್ಯೂವರ್ ಮತ್ತು ಕೊಳವೆಯ ನಡುವೆ ಒಂದು ಗಟ್ಟಿ ದಾರ ಕಟ್ಟಿರಲಿ. ಕತ್ತಲಲ್ಲಿ ತಪ್ಪು ತಿರುಪು ಸಡಿಲಿಸಿದರೆ ಮೂರು ವಸ್ತುಗಳು ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಗ್ರಹಗಳು ನಮ್ಮಲ್ಲಿ ನೆತ್ತಿಯ ಹತ್ತಿರವೇ ಹಾಯುವುದರಿಂದ ಗಾಳಿಯ ಕಲಕು ಕಡಿಮೆ, ಅದು ನಮ್ಮ ಭಾಗ್ಯ. ಆದರೆ ನಟ್ಟ ನೆತ್ತಿಯಲ್ಲಿ ಡಾಬ್ಸೋನಿಯನ್ ತಿರುಗಿಸುವುದು ಕಷ್ಟ. ಅಲ್ಲಿಂದ ಇಪ್ಪತ್ತು ಡಿಗ್ರಿ ಈಚೆ ಇದ್ದಾಗಲೇ ನೋಡಿ ಮುಗಿಸಿ. 136 ಪಟ್ಟಿನಲ್ಲಿ ಗ್ರಹ ಒಂದೂವರೆ ನಿಮಿಷದೊಳಗೆ ಕ್ಷೇತ್ರ ದಾಟುತ್ತದೆ; ತಳ್ಳುವಾಗ ಕೊಳವೆಯ ಅಂಚನ್ನು ಹಿಡಿಯಿರಿ, ಬೈನೋವ್ಯೂವರ್ ಅನ್ನು ಹಿಡಿಕೆ ಮಾಡಿಕೊಳ್ಳಬೇಡಿ.

ಸೂರ್ಯನನ್ನು ನೋಡುವುದಾದರೆ ಕೊಳವೆಯ ಬಾಯಿಗೆ ಪೂರ್ತಿ ಮುಚ್ಚುವ ಸೌರ ಫಿಲ್ಟರ್, ಗಾಳಿಗೆ ಹಾರದಂತೆ ಟೇಪ್ ಹಚ್ಚಿ. ಐಪೀಸಿಗೆ ತಿರುಗಿಸುವ ಸೌರ ಫಿಲ್ಟರ್‌ಗಳನ್ನು ಎಸೆದುಬಿಡಿ. ಅವು ಕಾದು ಒಡೆಯುತ್ತವೆ, ಬೈನೋವ್ಯೂವರ್‌ನಲ್ಲಿ ಪಣಕ್ಕಿರುವುದು ಎರಡೂ ಕಣ್ಣು.

ಬೇರೆ ದೂರದರ್ಶಕ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಶ್ಮಿಟ್ ಕ್ಯಾಸೆಗ್ರೇನ್, ಮಕ್ಸುಟೋವ್ ಮಾದರಿಗಳಲ್ಲಿ ಮುಖ್ಯ ಕನ್ನಡಿಯೇ ಚಲಿಸಿ ಫೋಕಸ್ ಮಾಡುವುದರಿಂದ ಬೈನೋವ್ಯೂವರ್ ಬಾರ್ಲೋ ಇಲ್ಲದೆಯೂ ಕೆಲಸ ಮಾಡುತ್ತದೆ. 8 ಇಂಚಿನ ಎಫ್/10 ಶ್ಮಿಟ್ ಕ್ಯಾಸೆಗ್ರೇನ್‌ನಲ್ಲಿ ಬಿಂಬ ಒಂದು ಮಿ.ಮೀ. ಹಿಂದೆ ಸರಿದರೆ ಸಂಗಮದೂರ ಮೂರು ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ, 2032 ಇದ್ದದ್ದು ಬೈನೋವ್ಯೂವರ್‌ನೊಂದಿಗೆ 2400 ಆಗುತ್ತದೆ. ಮಸೂರದ ದೂರದರ್ಶಕದಲ್ಲಿ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗನಲ್ ಕೂಡ ದಾರಿ ತಿನ್ನುತ್ತದೆ: 2 ಇಂಚಿನದು ಸುಮಾರು 100ಕ್ಕಿಂತ ಹೆಚ್ಚು, 1.25 ಇಂಚಿನ ಪ್ರಿಸಂ ಡಯಾಗನಲ್ 70 ಮಿ.ಮೀ. ಆಸುಪಾಸು. ಕೊಳವೆಯ ಒಂದು ತುಂಡನ್ನು ಬಿಚ್ಚಿಡಬಹುದಾದ ಮಾದರಿಗಳು ಬರುವುದು ಇದಕ್ಕಾಗಿಯೇ.

ನೋಡಿ ಮುಗಿಸಿದ ಮೇಲೆ ಇಬ್ಬನಿ ತಾಗಿದ ಬೈನೋವ್ಯೂವರ್ ಅನ್ನು ಕೂಡಲೇ ಪೆಟ್ಟಿಗೆಗೆ ಹಾಕಬೇಡಿ. ಕೋಣೆಯಲ್ಲಿ ಒಂದೆರಡು ಗಂಟೆ ಬಾಯಿ ತೆರೆದು, ಬಟ್ಟೆ ಮುಚ್ಚಿ ಒಣಗಲಿ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದಾಗ ಹುರಿದು ಮತ್ತೆ ಬಳಸಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಟಾರ್ಚ್ ಹಿಡಿದು ಪ್ರಿಸಂಗಳನ್ನು ನೋಡಬೇಕು. ಬಿಳಿ ನೂಲಿನಂತೆ ಬೂಷ್ಟು ಹಬ್ಬಿದರೆ ಅದನ್ನು ಒರೆಸಲು ಪ್ರಿಸಂ ಬಿಚ್ಚಲೇಬೇಕು, ಬಿಚ್ಚಿದ ಪ್ರಿಸಂಗಳನ್ನು ಮೊದಲಿನಂತೆ ಬಿಂಬ ಕೂಡುವ ಹಾಗೆ ಮತ್ತೆ ಕೂರಿಸುವುದು ಮನೆಯ ಮೇಜಿನ ಮೇಲೆ ಆಗುವ ಕೆಲಸವಲ್ಲ.